ಸ್ಕಿಜೋಫ್ರೇನಿಯಾ ಮತ್ತು ಗಮನದ ಕಂಪ್ಯೂಟರ್ ತರಬೇತಿ: ತುಮಕೂರು ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಿಜೋಫ್ರೇನಿಯಾ ಇರುವವರ ಕುಗ್ಗಿದ ಗಮನವನ್ನು ಕಂಪ್ಯೂಟರಿನ ಅಭ್ಯಾಸಗಳಿಂದ ಸುಧಾರಿಸುವ ತರಬೇತಿಯ ಬಗ್ಗೆ ತುಮಕೂರು ಜಿಲ್ಲೆಯ ಮನೆಗಳಿಂದ ಬಂದ ಪ್ರಶ್ನೆಗಳಿವು. ಆಸ್ಪತ್ರೆಯ ಬೆಂಚಿನ ಮೇಲೆ, ಫೋನಿನಲ್ಲಿ, ಕಾಗದದಲ್ಲಿ ಕೇಳಿದವು. ಎಲ್ಲ ಮಾತಾಡಿ ಮುಗಿಸಿ ಹೊರಡುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದವೂ ಇವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಔಷಧಿಯ ವಿಷಯ ಬಂದಾಗ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

## ಮೊದಮೊದಲು ಕೇಳುವುವು

ನನ್ನ ಮಗ ಮಾತ್ರೆ ತಪ್ಪಿಸಲ್ಲ. ಕಿವೀಲಿ ಮಾತು ಕೇಳ್ಸೋದು ನಿಂತು ವರ್ಷ ಆಯ್ತು. ಆದ್ರೂ ಒಂದು ಕೆಲ್ಸ ನೆಟ್ಟಗೆ ಮುಗಿಸಲ್ಲ. ಇದು ಸೋಮಾರಿತನ ಅಲ್ವಾ?

ಅಲ್ಲ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ಆ ಒಂದು ಮಾತಿನಿಂದ ಈ ಮನೆಗಳಲ್ಲಿ ಆಗಿರುವ ನೋವನ್ನು ಕಣ್ಣಾರೆ ಕಂಡಿದ್ದೇನೆ.

ಸ್ಕಿಜೋಫ್ರೇನಿಯಾದಲ್ಲಿ ಮೂರು ಬಗೆಯ ತೊಂದರೆಗಳಿರುತ್ತವೆ. ಇಲ್ಲದ ದನಿ ಕೇಳಿಸುವುದು, ಯಾರೋ ಕೇಡು ಬಗೆಯುತ್ತಿದ್ದಾರೆ ಎಂಬ ಅನುಮಾನ ಬಲಿಯುವುದು ಊರಿಗೆಲ್ಲ ಕಾಣುವಂಥವು. ಮಾತು ಕಡಿಮೆಯಾಗಿ, ಯಾವುದರಲ್ಲೂ ಆಸೆ ಉಳಿಯದೆ ಮಂಕಾಗುವುದು ಎರಡನೆಯದು. ಗಮನ, ನೆನಪು, ಯೋಚನೆಯ ವೇಗ ಕುಗ್ಗುವುದು ಮೂರನೆಯದು. ಮಾತ್ರೆಗಳು ಮುಖ್ಯವಾಗಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಅದರಿಂದ ಮೊದಲ ಬಗೆಯದು ಚೆನ್ನಾಗಿ ಹತೋಟಿಗೆ ಬರುತ್ತದೆ. ಮೂರನೆಯದರ ಮೇಲೆ ಅವುಗಳ ಪ್ರಭಾವ ತೀರಾ ಕಡಿಮೆ. ಈ ರೋಗವನ್ನು ಮೊದಲು ವಿಂಗಡಿಸಿ ಬರೆದ ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷಕ್ಕೂ ಹಿಂದೆಯೇ ಗಮನ ಕುಂದುವುದನ್ನು ಗುರುತಿಸಿದ್ದ. ಎಷ್ಟೋ ಜನರಲ್ಲಿ ಇದು ಕಾಯಿಲೆ ಬಯಲಿಗೆ ಬರುವ ಮೊದಲೇ ಶುರುವಾಗಿರುತ್ತದೆ. "ಎಸ್ಸೆಸ್ಸೆಲ್ಸೀಲಿ ಚೆನ್ನಾಗಿ ಓದ್ತಿದ್ದ, ಪಿಯುಸೀಲಿ ಯಾಕೋ ಬಿದ್ದುಹೋದ" ಎಂದು ತಾಯಂದಿರು ಹೇಳುವುದರಲ್ಲಿ ಅನೇಕ ಸಲ ಈ ಕಥೆಯೇ ಅಡಗಿರುತ್ತದೆ.

ಅಂಗಡಿಗೆ ಕಳಿಸಿದಾಗ ಏನಾಗುತ್ತದೆ ನೋಡಿ. "ಅರ್ಧ ಕೆಜಿ ತೊಗರಿಬೇಳೆ ತಗೊ, ಒಂದು ಕಟ್ಟು ಕೊತ್ತಂಬರಿ, ಬರ್ತಾ ಅತ್ತೆ ಮನೇಲಿ ಡಬ್ಬಿ ಇಸ್ಕೊಂಡ್ ಬಾ." ಅವನು ಬೇಳೆ ಮಾತ್ರ ತರುತ್ತಾನೆ. ಹೊರಗೆ ಆಟೋ ಹಾರ್ನ್ ಹೊಡೆದಿತ್ತು, ಒಳಗೆ ಟಿವಿ ಓಡುತ್ತಿತ್ತು. ಬೇಳೆಯ ಮಾತನ್ನು ಹಿಡಿದುಕೊಳ್ಳುವುದರಲ್ಲೇ ಅವನ ಗಮನವೆಲ್ಲ ಮುಗಿದುಹೋಯಿತು. ಉಳಿದೆರಡು ಮಾತು ಒಳಕ್ಕೆ ಇಳಿಯಲೇ ಇಲ್ಲ, ಹಾಗಾಗಿ ಮರೆಯಲು ಅಲ್ಲಿ ಏನೂ ಇರಲಿಲ್ಲ.

ಗಮನ ಇಲ್ಲ ಅಂತೀರಿ, ಟಿವಿ ಮುಂದೆ ಮೂರು ಗಂಟೆ ಕೂರ್ತಾಳಲ್ಲ?

ಟಿವಿ ಏನನ್ನೂ ಕೇಳುವುದಿಲ್ಲ. ಕಣ್ಣು ಆ ಕಡೆ ಇದ್ದರೆ ಸಾಕು, ಕಥೆ ತಾನಾಗಿ ಸಾಗುತ್ತದೆ. ಮುಗಿದ ಮೇಲೆ "ಏನಾಯ್ತು ಧಾರಾವಾಹೀಲಿ" ಎಂದು ಮೆತ್ತಗೆ ಕೇಳಿ ನೋಡಿ, ಗೊತ್ತಾಗುತ್ತದೆ. ಒಂದೇ ಕೆಲಸದಲ್ಲಿ ಬಹಳ ಹೊತ್ತು ನಿಲ್ಲುವುದು, ಗದ್ದಲದಲ್ಲಿ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಎರಡನ್ನು ಒಟ್ಟಿಗೆ ನಿಭಾಯಿಸುವುದು ಬೇರೆ ಬೇರೆ ಶಕ್ತಿಗಳು. ಒಬ್ಬರಲ್ಲಿ ಒಂದು ಕುಗ್ಗಿದ್ದರೆ ಇನ್ನೊಬ್ಬರಲ್ಲಿ ಇನ್ನೊಂದು. ಹಾಗಾಗಿ ತರಬೇತಿಗೆ ಮುಂಚೆ ಪರೀಕ್ಷೆ ಮಾಡಿ, ಎಲ್ಲಿ ಕೊರತೆಯಿದೆ ಎಂದು ನೋಡುತ್ತಾರೆ.

ಕಂಪ್ಯೂಟರ್ ಮುಂದೆ ಕೂರಿಸಿ ಏನ್ ಮಾಡಿಸ್ತಾರೆ?

ಒಂದು ಅಭ್ಯಾಸವನ್ನು ಹೇಳುತ್ತೇನೆ. ಪರದೆಯ ಮೇಲೆ ಒಂದಾದ ಮೇಲೊಂದು ಅಂಕಿ ಬರುತ್ತವೆ. 7 ಬಂದಾಗ ಮಾತ್ರ ಸ್ಪೇಸ್ ಬಾರ್ ಒತ್ತಬೇಕು. ಅದು ಸಲೀಸಾದ ಮೇಲೆ, 3 ಬಂದು ಅದರ ಹಿಂದೆಯೇ 7 ಬಂದರೆ ಮಾತ್ರ ಒತ್ತಬೇಕು. ಆಮೇಲೆ ವೇಗ ಹೆಚ್ಚುತ್ತದೆ, ಹಿನ್ನೆಲೆಯಲ್ಲಿ ಗದ್ದಲ ಸೇರುತ್ತದೆ. ತಪ್ಪು ಜಾಸ್ತಿಯಾದರೆ ಪ್ರೋಗ್ರಾಂ ತಾನೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಗಮನವನ್ನು ಅಳೆಯಲು ಇಂಥ ಪರೀಕ್ಷೆಯನ್ನು 1956ರಷ್ಟು ಹಿಂದೆಯೇ ರೂಪಿಸಿದ್ದರು. ಅದೇ ಜಾಡಿನಲ್ಲಿ ಬೆಳೆದ ಅಭ್ಯಾಸಗಳಿವು. ಆಕಾರಗಳನ್ನು ಹುಡುಕುವುದು, ಕೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಒಂದು ಬಣ್ಣದ ಹೆಸರನ್ನು ಇನ್ನೊಂದು ಬಣ್ಣದಲ್ಲಿ ಬರೆದು ತೋರಿಸಿದಾಗ ಕಣ್ಣಿಗೆ ಕಾಣುವ ಬಣ್ಣವನ್ನೇ ಆರಿಸುವುದು ಹೀಗೆ ಹಲವು ಬಗೆ ಇರುತ್ತವೆ.

ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕೆಲವು ತಿಂಗಳು ನಡೆಯುತ್ತದೆ. ನಡುನಡುವೆ ಥೆರಪಿಸ್ಟ್ ನಿಲ್ಲಿಸಿ, "ಈ ಸಲ ತಪ್ಪು ಕಮ್ಮಿ ಆಯ್ತಲ್ಲ, ಏನು ಮಾಡಿದ್ರಿ?" ಎಂದು ಕೇಳುತ್ತಾರೆ. "ಬಾಯಲ್ಲೇ ಮೂರು ಮೂರು ಅಂತ ಹೇಳ್ಕೋತಿದ್ದೆ" ಎಂದು ಅವನು ಹೇಳಿದರೆ, ಅವತ್ತಿನ ಗಳಿಕೆ ಅದೇ. ಮುಂದೆ ಅಂಗಡಿಗೆ ಹೋಗುವಾಗಲೂ ಅವನ ಕೈಗೆ ಸಿಗುವುದು ಆ ಉಪಾಯ.

ಇದು ಕರೆಂಟ್ ಕೊಡೋದಾ?

ಅಲ್ಲವೇ ಅಲ್ಲ. ತಲೆಗೆ ವೈರು, ಸೂಜಿ, ಮಂಪರು ಯಾವುದೂ ಇಲ್ಲ. ಎದುರಿಗೆ ಪರದೆ, ಕೈಯಲ್ಲಿ ಮೌಸ್, ಅಷ್ಟೇ.

ತರಬೇತಿ ಶುರುವಾದ್ಮೇಲೆ ಮಾತ್ರೆ ಬಿಡ್ಬಹುದಾ?

ಬಿಡಬಾರದು. ಮಾತ್ರೆ ನಿಂತು ಕಾಯಿಲೆ ಮರುಕಳಿಸಿದರೆ ತರಬೇತಿಯಲ್ಲಿ ಗಳಿಸಿದ್ದೂ ಹೋಗುತ್ತದೆ.

## ಶುರು ಮಾಡುವ ಮುನ್ನ

ಯಾವಾಗ ಶುರು ಮಾಡ್ಬೇಕು? ಪೂರ್ತಿ ಹುಷಾರಾಗೋವರ್ಗೂ ಕಾಯ್ಬೇಕಾ?

ಪೂರ್ತಿ ಹುಷಾರಾಗುವವರೆಗೆ ಕಾಯುವುದು ಬೇಡ. ಉದ್ರೇಕ ಇಳಿದು, ನಿದ್ದೆ ಸರಿಯಾಗಿ, ಒಂದು ಕಡೆ ಸ್ವಲ್ಪ ಹೊತ್ತು ಕೂರುವಂತಾದರೆ ಸಾಕು. ಅದಕ್ಕೆ ಮೊದಲು ಕೆಲವನ್ನು ಪರೀಕ್ಷಿಸಿಕೊಳ್ಳಿ, ಏಕೆಂದರೆ ಗಮನ ಕೆಡಿಸುವುದು ಸ್ಕಿಜೋಫ್ರೇನಿಯಾ ಒಂದೇ ಅಲ್ಲ. ಕಣ್ಣು, ಕಿವಿ ನೋಡಿಸಿ. ಕನ್ನಡಕವಿಲ್ಲದೆ ಪರದೆಯೇ ಕಾಣದವರನ್ನು ಗಮನವಿಲ್ಲದವರು ಎಂದುಕೊಂಡದ್ದುಂಟು. ಥೈರಾಯ್ಡ್, ಬಿ12, ರಕ್ತಹೀನತೆಯ ತಪಾಸಣೆ ಆಗಲಿ. ಬೆಳಗ್ಗೆಯೆಲ್ಲ ತೂಕಡಿಸುತ್ತಿದ್ದರೆ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಇನ್ನೊಂದು ಮುಖ್ಯ ವಿಷಯ: ಟ್ರೈಹೆಕ್ಸಿಫೆನಿಡಿಲ್. ಕೈ ನಡುಕ, ಮೈ ಬಿಗಿತ ತಡೆಯಲು ಬೇರೆ ಮಾತ್ರೆಗಳ ಜತೆ ಇದನ್ನು ಬರೆದುಕೊಡುತ್ತಾರೆ. ಇದು ನೆನಪು, ಗಮನ ಎರಡನ್ನೂ ಮಬ್ಬಾಗಿಸಬಲ್ಲದು. ಎಷ್ಟೋ ಮನೆಗಳಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ತೆಗೆದುಕೊಳ್ಳುತ್ತಿರುತ್ತಾರೆ. ನೀವಾಗಿ ನಿಲ್ಲಿಸಬೇಡಿ, "ಇದು ಇನ್ನೂ ಬೇಕಾ ಸಾರ್?" ಎಂದು ಮುಂದಿನ ಸಲ ಹೋದಾಗ ಕೇಳಿ. ಈ ಪ್ರಶ್ನೆ ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ನನ್ ತಂಗಿ ಓದಿರೋದು ಏಳನೇ ಕ್ಲಾಸು. ಮೌಸ್ ಮುಟ್ಟಿದವಳೇ ಅಲ್ಲ. ಅವಳಿಂದಾಗುತ್ತಾ?

ಆಗುತ್ತದೆ. 2021ರಲ್ಲಿ ಪ್ರಕಟವಾದ, 130 ಪ್ರಯೋಗಗಳನ್ನು ಒಟ್ಟುಗೂಡಿಸಿದ ದೊಡ್ಡ ವಿಶ್ಲೇಷಣೆಯಲ್ಲಿ, ಕಡಿಮೆ ವರ್ಷ ಓದಿದವರಿಗೆ ಇಂಥ ತರಬೇತಿಯಿಂದ ಪ್ರಯೋಜನ ಹೆಚ್ಚೆಂದು ಕಂಡುಬಂದಿದೆ. ಓದದವರನ್ನು ಮೊದಲೇ ಸಾಲಿನಿಂದ ಹೊರಗಿಡುವವರು ಇದನ್ನು ಗಮನಿಸಬೇಕು.

ನಿಜವಾದ ತೊಡಕು ಭಾಷೆಯದು. ಸಾಕಷ್ಟು ಪ್ರೋಗ್ರಾಂಗಳ ಸೂಚನೆಗಳು ಇಂಗ್ಲಿಷಿನಲ್ಲಿವೆ. ಪಾವಗಡದ ಕಡೆ ಮನೆಮಾತು ತೆಲುಗು, ತುಮಕೂರು ಪೇಟೆಯಲ್ಲಿ ಎಷ್ಟೋ ಮನೆಗಳದ್ದು ಉರ್ದು, ಶಾಲೆಯದು ಕನ್ನಡ. ಅಕ್ಷರದ ಅಭ್ಯಾಸದಲ್ಲಿ ತಪ್ಪಿದರೆ ಅದು ಗಮನದ ತಪ್ಪೋ ಭಾಷೆಯ ತಪ್ಪೋ ಗೊತ್ತಾಗುವುದಿಲ್ಲ. ಆದ್ದರಿಂದ ಅಂಕಿ, ಬಣ್ಣ, ಆಕಾರ, ಸದ್ದು ಇರುವ ಅಭ್ಯಾಸಗಳನ್ನೇ ಆರಿಸಲು ಹೇಳಿ. ಮೌಸ್ ಕಷ್ಟವಾದರೆ ಟಚ್ ಸ್ಕ್ರೀನ್ ಕೇಳಿ. ಮೊದಲ ಒಂದೆರಡು ಸಲ ಬರೀ ಮೌಸ್ ಆಡಿಸುವುದರಲ್ಲಿ ಕಳೆದರೂ ಚಿಂತೆಯಿಲ್ಲ.

ತುಮಕೂರಲ್ಲಿ ಎಲ್ಲಿ ಹೋಗ್ಬೇಕು? ಪ್ರತಿ ಸಲ ಬೆಂಗ್ಳೂರಿಗೆ ಹೋಗೋಕಾಗಲ್ಲ.

ಮೊದಲ ಹೆಜ್ಜೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆಯೂ ಇರುತ್ತದೆ, ಅವರನ್ನು ಕೇಳಿಕೊಂಡು ಹೋಗಿ. ತಾಲೂಕುಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ಚೇತರಿಸಿಕೊಳ್ಳುತ್ತಿರುವವರಿಗಾಗಿ ರಾಜ್ಯ ಸರ್ಕಾರ ರೂಪಿಸಿದ ಮಾನಸಧಾರ ಹಗಲು ಕೇಂದ್ರದ ಬಗ್ಗೆಯೂ ಅಲ್ಲೇ ವಿಚಾರಿಸಿ. ತಾಲೂಕು ಆಸ್ಪತ್ರೆಯಲ್ಲಿ ಕಂಪ್ಯೂಟರ್ ತರಬೇತಿ ಸಿಕ್ಕೇ ಸಿಗುತ್ತದೆ ಎಂದುಕೊಂಡು ಹೊರಡಬೇಡಿ, ಮೊದಲು ಕೇಳಿ.

ತುರುವೇಕೆರೆಯವರಿಗೆ ಒಂದು ಅನುಕೂಲವಿದೆ. ತೀರ್ಥಹಳ್ಳಿಯಲ್ಲಿ ಮೊದಲು ನಡೆದ ಮಾದರಿಯಲ್ಲೇ ನಿಮ್ಹಾನ್ಸ್‌ನವರು ಈ ತಾಲೂಕಿನಲ್ಲೂ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಸ್ಥಳೀಯವಾಗಿ ಚಿಕಿತ್ಸೆ ಸಿಗುವಂತೆ ಕೆಲಸ ಮಾಡಿದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 70 ಕಿಲೋಮೀಟರ್. ವಾರಕ್ಕೆ ಮೂರು ಸಲ ಹೋಗಿಬರುವುದು ಕೂಲಿ ಮಾಡುವ ಮನೆಗೆ ಆಗದ ಮಾತು. ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಅಭ್ಯಾಸ ಬರೆಸಿಕೊಂಡು, ತಿಂಗಳಿಗೊಮ್ಮೆ ತೋರಿಸಿ ಬರುವ ಏರ್ಪಾಡು ಆಗುತ್ತದೆಯೇ ಕೇಳಿ. ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಸಲಹೆ ಬೇಕಾದರೆ ಟೆಲಿ ಮಾನಸ್ ಸಂಖ್ಯೆ 14416, ಪುಕ್ಕಟೆ.

ಮೊಬೈಲಲ್ಲಿ ಬ್ರೈನ್ ಗೇಮ್ ಹಾಕ್ಕೊಟ್ರೆ ಸಾಲ್ದಾ? ದುಡ್ಡೂ ಉಳಿಯುತ್ತೆ.

ಬರೀ ಆಟ ಸಾಲದು. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಮಿದುಳಿನ ಆಟಗಳ ಹೆಸರಾಂತ ಆ್ಯಪ್ ಲುಮೋಸಿಟಿಯ ಕಂಪನಿ ಜಾಹೀರಾತಿನಲ್ಲಿ ಹೇಳಿಕೊಂಡದ್ದಕ್ಕೆ ತಕ್ಕ ಆಧಾರವಿಲ್ಲ ಎಂದು ಆರೋಪಿಸಿತು. ಕಂಪನಿ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಈ ಕ್ಷೇತ್ರದ ತಜ್ಞರು ಒಪ್ಪಿರುವ ಪ್ರಕಾರ ತರಬೇತಿ ಫಲಿಸಲು ನಾಲ್ಕು ಕೂಡಬೇಕು: ತರಬೇತಾದ ಥೆರಪಿಸ್ಟ್ ಜತೆಗಿರುವುದು, ಮತ್ತೆ ಮತ್ತೆ ಅಭ್ಯಾಸ, ಉಪಾಯಗಳನ್ನು ಕಲಿಸುವುದು, ಕಲಿತದ್ದನ್ನು ದಿನದ ಬದುಕಿಗೆ ಜೋಡಿಸುವುದು. ಆ್ಯಪ್ ಕೊಡುವುದು ಇವುಗಳಲ್ಲಿ ಅಭ್ಯಾಸವೊಂದನ್ನೇ. ಆಟದ ಮಧ್ಯೆ ಜಾಹೀರಾತು, ನೋಟಿಫಿಕೇಶನ್ ಬಂದು ಇರುವ ಗಮನವನ್ನೂ ಒಡೆಯುತ್ತವೆ.

## ನಡೆಯುತ್ತಿರುವಾಗ

ಸ್ಕೋರ್ ಏರ್ತಾ ಇದೆ ಅಂತಾರೆ. ಮನೇಲಿ ಮಾತ್ರ ಏನೂ ಬದ್ಲಾಗಿಲ್ಲ. ಮೋಸ ಹೋಗ್ತಿದೀವಾ?

ಅತ್ಯಂತ ಸರಿಯಾದ ಪ್ರಶ್ನೆಯಿದು. ಪರದೆಯ ಮೇಲೆ 7 ಹುಡುಕುವುದರಲ್ಲಿ ಪಳಗಿದವನು 7 ಹುಡುಕುವುದರಲ್ಲಿ ಪಳಗುತ್ತಾನೆ. ಅದು ಅಡುಗೆಮನೆಗೆ, ತೋಟಕ್ಕೆ, ಬಸ್‌ಸ್ಟ್ಯಾಂಡಿಗೆ ತಾನಾಗಿ ನಡೆದುಕೊಂಡು ಬರುವುದಿಲ್ಲ. ಅದನ್ನು ಅಲ್ಲಿಗೆ ಕರೆತರುವುದೂ ತರಬೇತಿಯ ಭಾಗ. ನನ್ನ ಮಟ್ಟಿಗೆ ಅದೇ ದೊಡ್ಡ ಭಾಗ. ಅದನ್ನು ಮಾಡದೆ ಸ್ಕೋರ್ ಮಾತ್ರ ತೋರಿಸುವ ಜಾಗದಲ್ಲಿ ನೀವು ಖಂಡಿತ ಪ್ರಶ್ನೆ ಕೇಳಬೇಕು.

ತಿಪಟೂರು, ತುರುವೇಕೆರೆ ಕಡೆಯ ಕೆಲಸವನ್ನೇ ತೆಗೆದುಕೊಳ್ಳಿ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಆಮೇಲೆ ಆರಿಸಬೇಕು: ಉಂಡೆ ಒಂದು ಕಡೆ, ಒಡೆದದ್ದು ಒಂದು ಕಡೆ, ಬೂಷ್ಟು ಹಿಡಿದದ್ದು ಇನ್ನೊಂದು ಕಡೆ. ಕೈ ಓಡುತ್ತಿರಬೇಕು, ಕಣ್ಣು ನೋಡುತ್ತಿರಬೇಕು, ಸುತ್ತ ಜನ ಮಾತಾಡುತ್ತಿರುತ್ತಾರೆ. ಥೆರಪಿಸ್ಟ್ ಪರದೆಯ ಮೇಲೆ ಮಾಡಿಸಿದ್ದೂ ಇದನ್ನೇ: ಬೇಕಾದ್ದನ್ನು ಆರಿಸು, ಬೇಡದ್ದನ್ನು ಬಿಡು, ಬಹಳ ಹೊತ್ತು ನಿಲ್ಲು. ಹಾಗಾಗಿ ಇಲ್ಲೂ ಅಲ್ಲಿಯ ಕ್ರಮವನ್ನೇ ಹಿಡಿಯಿರಿ. ಮೊದಲ ದಿನ ಒಂದು ಪುಟ್ಟಿ ಕೊಬ್ಬರಿ ಮಾತ್ರ, ಒಡೆದದ್ದನ್ನು ಬೇರೆ ಮಾಡುವುದು ಮಾತ್ರ, ಮೂಲೆಯಲ್ಲಿ, ರೇಡಿಯೋ ಇಲ್ಲದೆ. ತಪ್ಪು ಬೆರಳೆಣಿಕೆಗೆ ಇಳಿದ ಮೇಲೆ ಬೂಷ್ಟು ನೋಡುವುದನ್ನು ಸೇರಿಸಿ. ಅದೂ ಹದಕ್ಕೆ ಬಂದ ಮೇಲೆ ಎಲ್ಲರ ನಡುವೆ ಕೂರಿಸಿ. "ಒಡೆದಿದೆಯಾ, ಬೂಷ್ಟಿದೆಯಾ" ಎಂದು ಬಾಯಲ್ಲೇ ಹೇಳಿಕೊಳ್ಳಲು ಬಿಡಿ. ಅದು ಅವನು ಕಲಿತು ಬಂದ ಉಪಾಯ, ನಗಬೇಡಿ.

ನಿಮ್ಮ ಮನೆಯ ಕೆಲಸ ಬೇರೆ ಇರಬಹುದು. ಹಾಲಿನ ಡೇರಿಗೆ ಕ್ಯಾನ್ ಒಯ್ದು ಲೀಟರ್ ಬರೆಸಿಕೊಂಡು ಬರುವುದಾಗಲಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದಾಗಲಿ, ಯಾವುದಾದರೂ ಒಂದನ್ನು ಹೆಸರಿಟ್ಟು ಥೆರಪಿಸ್ಟ್‌ಗೆ ಹೇಳಿ: "ಇವನು ಇದನ್ನು ಮಾಡಬೇಕು ಅನ್ನೋದು ನಮ್ಮಾಸೆ." ಅದಕ್ಕೂ ಮೊದಲು ಅವನನ್ನೇ ಕೇಳಿ. ಅವನಿಗೇ ಬೇಡದ ಕೆಲಸಕ್ಕೆ ಗಮನ ಕೂಡಿಬರುವುದಿಲ್ಲ. ಮೂರು ವಾರದಲ್ಲಿ ತೀರ್ಪು ಕೊಡಬೇಡಿ. ಮೂರು ತಿಂಗಳಾದರೂ ನೋಡಿ.

ಹತ್ತು ನಿಮಿಷಕ್ಕೇ ಎದ್ದು ಹೋಗ್ತಾನೆ. ಕೂತ್ಕೊಳ್ಳೋಕೇ ಆಗಲ್ಲ.

ಕಾಲುಗಳನ್ನು ಗಮನಿಸಿ. ಕೂತರೂ ಕಾಲು ಆಡುತ್ತಿರುತ್ತದೆಯೇ? ನಿಂತರೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ವರಾಂಡದಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಾನೆಯೇ? ಹಾಗಿದ್ದರೆ ಅದು ಅಕಥೀಸಿಯಾ ಎಂಬ ಚಡಪಡಿಕೆ ಇರಬಹುದು. ಅದು ಔಷಧಿಯ ಅಡ್ಡಪರಿಣಾಮ, ವಿಪರೀತ ಹಿಂಸೆ ಕೊಡುತ್ತದೆ, ಚಿಕಿತ್ಸೆ ಇದೆ. ಬೇಗ ಡಾಕ್ಟರಿಗೆ ತಿಳಿಸಿ.

ಅದಲ್ಲದಿದ್ದರೆ ಹತ್ತು ನಿಮಿಷವೇ ಇರಲಿ. ನಡುವೆ ನೀರು ಕುಡಿದು, ಒಂದು ಸುತ್ತು ಹಾಕಿ ಬಂದು ಇನ್ನೊಂದು ಹತ್ತು ನಿಮಿಷ. ಬಹುಪಾಲು ಸರಿಯಾಗುವಷ್ಟು ಸುಲಭದ ಮಟ್ಟದಲ್ಲಿ ಇಡಲು ಥೆರಪಿಸ್ಟ್‌ಗೆ ಹೇಳಿ. ಸೋಲನ್ನೇ ಉಂಡು ಬಂದವರಿಗೆ ಪರದೆಯೂ ಸೋಲನ್ನೇ ತೋರಿಸಿದರೆ ಯಾರು ತಾನೆ ಕೂರುತ್ತಾರೆ?

ಕಂಪ್ಯೂಟರೇ ತನ್ನನ್ನ ನೋಡ್ತಾ ಇದೆ ಅಂತಾಳೆ.

ವಾದ ಮಾಡಬೇಡಿ, ಹುಚ್ಚು ಮಾತು ಎನ್ನಬೇಡಿ. ಕ್ಯಾಮೆರಾಗೆ ಅವಳ ಕೈಯಿಂದಲೇ ಕಾಗದ ಅಂಟಿಸಿ, ಇಂಟರ್‌ನೆಟ್ ತಂತಿ ತೆಗೆದು ತೋರಿಸಿ. ಸಮಾಧಾನವಾದರೆ ಮುಂದುವರಿಸಬಹುದು. ಭಯ ಹೆಚ್ಚುತ್ತಾ ಹೋದರೆ ನಿಲ್ಲಿಸಿ, ಡಾಕ್ಟರನ್ನು ಕಾಣಿ. ಕಾಯಿಲೆ ಮತ್ತೆ ಏಳುತ್ತಿರುವ ಸೂಚನೆಯಾಗಿರಬಹುದು. ಅಲ್ಲಿಯವರೆಗೆ ಕಾಗದ, ಪೆನ್ಸಿಲಿನ ಅಭ್ಯಾಸ ಸಾಕು.

ಮನೇಲಿ ಕಂಪ್ಯೂಟರ್ ಇಲ್ಲ. ಬೇರೆ ದಾರಿ ಇದೆಯಾ?

ಇದೆ, ಮತ್ತು ಅದು ನಮ್ಮಲ್ಲೇ ಬೆಳೆದದ್ದು. ಮೊದಲ ಸಲ ಕಾಯಿಲೆಗೆ ಬಿದ್ದವರಿಗೆ ಮನೆಯಲ್ಲೇ, ಮನೆಯವರ ನೆರವಿನಿಂದ ಮಾಡಿಸುವ ಅಭ್ಯಾಸಗಳ ಬಗ್ಗೆ ನಿಮ್ಹಾನ್ಸ್ ಸಂಶೋಧಕರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಬೆರಕೆ ಮಾಡಿದ ಕಾಳುಗಳನ್ನು ಬೇರ್ಪಡಿಸುವುದು, ಅಚ್ಚಾದ ಪುಟದಲ್ಲಿ ಒಂದೇ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ನಿಮ್ಹಾನ್ಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಭ್ಯಾಸಗಳು. ಹೆಸರುಕಾಳು, ಅಲಸಂದೆ, ಹುರುಳಿ ಬೆರೆಸಿ ಒಂದು ಮೊರದಲ್ಲಿ ಕೊಡಿ; ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ನಿನ್ನೆಯ ಅವನ ಜತೆ ಇವತ್ತಿನ ಅವನನ್ನು ಹೋಲಿಸಿ, ಚಿಕ್ಕಪ್ಪನ ಮಗನ ಜತೆ ಬೇಡ.

ಒಂದೇ ಷರತ್ತು: ಪಕ್ಕದಲ್ಲಿ ಕೂತವರು ಬೈಯಬಾರದು. ಮನೆಯಲ್ಲಿ ಸದಾ ಟೀಕೆ, ಕೊಂಕು ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ದಶಕಗಳ ಸಂಶೋಧನೆ ತೋರಿಸಿದೆ. ಬೈಯದೆ ಇರಲಾಗದ ದಿನ ಅಭ್ಯಾಸಕ್ಕೆ ರಜೆ ಕೊಡಿ.

## ಇನ್ನೂ ಒಳಹೊಕ್ಕು ಕೇಳುವವರಿಗೆ

ಸಂಶೋಧನೆ ನಿಜವಾಗಿ ಏನು ಹೇಳುತ್ತೆ? ಲಾಭ ಎಷ್ಟು?

ಲಾಭ ಇದೆ, ಸಾಧಾರಣ ಮಟ್ಟದ್ದು. 2011ರಲ್ಲಿ ಲಂಡನ್ನಿನ ಟಿಲ್ ವೈಕ್ಸ್ ಮತ್ತು ಸಂಗಡಿಗರು 40 ಅಧ್ಯಯನಗಳ 2,104 ಜನರ ಫಲಿತಾಂಶ ಒಟ್ಟುಗೂಡಿಸಿದಾಗ, ಗಮನ, ನೆನಪು ಮುಂತಾದವುಗಳ ಮೇಲಿನ ಪರಿಣಾಮದ ಅಳತೆ 0.45ರಷ್ಟಿತ್ತು. ಈ ಅಳತೆಯಲ್ಲಿ 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು. 2021ರಲ್ಲಿ 130 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ 8,851 ಜನರಿದ್ದರು. ಅಲ್ಲಿ ಅದು 0.29, ದಿನದ ಬದುಕಿನ ನಿರ್ವಹಣೆಯಲ್ಲಿ 0.22. ದನಿ ಕೇಳಿಸುವಂಥ ಲಕ್ಷಣಗಳ ಮೇಲೆ ಪರಿಣಾಮ ಅಲ್ಪ.

ಈ ಅಂಕಿಗಳಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. 2011ರ ವಿಶ್ಲೇಷಣೆಯಲ್ಲಿ ಬದುಕಿನ ನಿರ್ವಹಣೆ ಸುಧಾರಿಸಿದ್ದು, ತರಬೇತಿ ಬೇರೆ ಪುನರ್ವಸತಿಯ ಜತೆ ನಡೆದಾಗ ಮತ್ತು ಉಪಾಯಗಳನ್ನು ಕಲಿಸಿದಾಗ ಹೆಚ್ಚಾಗಿತ್ತು. ಕಂಪ್ಯೂಟರಿಗೆ ಮಾತ್ರ ದುಡ್ಡು ಹಾಕಿ ಥೆರಪಿಸ್ಟ್ ಹುದ್ದೆ ಖಾಲಿ ಬಿಡುವ ಯಾವ ಸಂಸ್ಥೆಯೂ ಇದನ್ನು ಓದಬೇಕು.

ಗಮನ ಹೆಚ್ಚಿಸೋ ಮಾತ್ರೇನೇ ಬಂದಿಲ್ವಾ?

ಹುಡುಕಾಟ ದೊಡ್ಡದಾಗಿಯೇ ನಡೆದಿದೆ. ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯ ಐಕ್ಲೆಪರ್ಟಿನ್ ಎಂಬ ಔಷಧಿಯ ಮೇಲೆ ಬಹಳ ಆಸೆಯಿತ್ತು. ಅದರ ಮೂರನೇ ಹಂತದ ಪ್ರಯೋಗಗಳು ಗುರಿ ಮುಟ್ಟಲಿಲ್ಲ ಎಂದು 2025ರ ಜನವರಿಯಲ್ಲಿ ಕಂಪನಿಯೇ ತಿಳಿಸಿತು. ಮಕ್ಕಳ ಚಂಚಲತೆಗೆ ಕೊಡುವ ಮೀಥೈಲ್‌ಫೆನಿಡೇಟ್‌ನಂಥದ್ದನ್ನು ಯಾರದೋ ಮಾತು ಕೇಳಿ ಕೊಡಬೇಡಿ, ಭ್ರಮೆಗಳು ಕೆರಳಬಹುದು. ಮಾತ್ರೆಯಲ್ಲದೆ ನೆರವಾಗುವುದು ವ್ಯಾಯಾಮ: ಉಸಿರು ಏರುವಂಥ ಬಿರುಸು ನಡಿಗೆ ಗಮನಕ್ಕೂ ಒಳ್ಳೆಯದೆಂದು ಅಧ್ಯಯನಗಳಿವೆ. ಅಮಾನಿಕೆರೆಯ ದಂಡೆಯೋ ಊರ ತೋಟದ ದಾರಿಯೋ, ಜತೆಗೊಬ್ಬರು ಹೋಗಿ.

ಚುರುಕಾದ್ರೆ ಅಂಗವಿಕಲರ ಸರ್ಟಿಫಿಕೇಟ್ ಹೋಗುತ್ತಾ? ಪಿಂಚಣಿ ನಿಲ್ಲುತ್ತಾ?

ಈ ಭಯಕ್ಕೆ ತರಬೇತಿಯನ್ನೇ ಬಿಟ್ಟವರಿದ್ದಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯದ ಪ್ರಮಾಣವನ್ನು ಐಡಿಯಾಸ್ ಎಂಬ ಮಾಪಕದಿಂದ ಅಳೆಯುತ್ತಾರೆ. ಅದು ನೋಡುವುದು ನಾಲ್ಕನ್ನು: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರ ಜತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಂಪ್ಯೂಟರ್ ಸ್ಕೋರಿಗೆ ಅಲ್ಲಿ ಜಾಗವಿಲ್ಲ, ಹಾಗಾಗಿ ಸ್ಕೋರ್ ಏರಿದ ಮಾತ್ರಕ್ಕೆ ಸರ್ಟಿಫಿಕೇಟ್ ಹೋಗುವುದಿಲ್ಲ. ಶೇ 40 ಮತ್ತು ಮೇಲ್ಪಟ್ಟರೆ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ.

ಕೊನೆಗೆ ಕೆಲ್ಸಕ್ಕೆ ಹೋಗೋ ಹಾಗಾಗ್ತಾನಾ?

ಕೆಲವರು ಆಗುತ್ತಾರೆ. ತರಬೇತಿಯ ಜತೆ ಕೆಲಸ ಹುಡುಕಿಕೊಡುವ, ಕೆಲಸದ ಜಾಗದಲ್ಲೂ ಬೆಂಬಲ ಕೊಡುವ ವ್ಯವಸ್ಥೆ ಇದ್ದಾಗ ಫಲ ಹೆಚ್ಚು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ 4 ಮೀಸಲಾತಿಯಲ್ಲಿ ಶೇ 1 ಮಾನಸಿಕ ಕಾಯಿಲೆ, ಬೌದ್ಧಿಕ ಅಂಗವೈಕಲ್ಯ, ಆಟಿಸಂ ಮುಂತಾದವುಗಳ ಗುಂಪಿಗಿದೆ. ವಸಂತನರಸಾಪುರದ ಕಾರ್ಖಾನೆಯಂಥ ಕಡೆ ಕೆಲಸ ಸಿಕ್ಕರೆ ಮೊದಲ ದಿನಗಳಲ್ಲಿ ಮೇಲ್ವಿಚಾರಕರನ್ನು ಕೇಳಿಕೊಳ್ಳಬೇಕಾದದ್ದು ಇಷ್ಟು: ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಆದಷ್ಟು ಬರೆದು ಕೊಡಿ, ಜಾಗ ಪದೇ ಪದೇ ಬದಲಿಸಬೇಡಿ, ರಾತ್ರಿ ಪಾಳಿ ಹಾಕಬೇಡಿ. ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಲಿ.